ಮೋಡ್ಲಾವ್ಕಿಯ ಕಪ್ಪು ಸಾರು

ಮೋಡ್ಲಾವ್ಕಿಯ ಭೂಗೋಳ ಇಷ್ಟೇ: ಮೇಲೆ ಮರಳು, ಕೆಳಗೆ ಜೌಗು, ಪಕ್ಕದಲ್ಲಿ ಕೋಳಿಯೂ ದಾಟಬಲ್ಲ ಒಂದು ಕಾಲುವೆ. ಊರವರು ಅದನ್ನು ನದಿ ಅನ್ನುತ್ತಿದ್ದರು. ಇತಿಹಾಸ ಇನ್ನೂ ಚಿಕ್ಕದು. ಯಾವನೋ ದೊರೆ ಇವರ ಮೂಲಪುರುಷನಿಗೆ ಈ ಮರಳುಗುಡ್ಡ ಉಂಬಳಿ ಕೊಟ್ಟಿದ್ದ. ಬೆಳೆ ಬರುವ ನೆಲವೆಲ್ಲ ಕಾಲುವೆಯಾಚೆ, ರೈತರ ಊರಾದ ಓಲ್ಶಿನಿಯಲ್ಲಿತ್ತು. ದೊರೆಗೆ ಇವರ ಯೋಗ್ಯತೆ ಗೊತ್ತಿದ್ದಿರಬೇಕು.

ಅಂದಿನಿಂದ ಇಡೀ ಊರೇ ಕುಲೀನರು. ಗಂಡಸರು ಸೊಂಟಕ್ಕೆ ತುಕ್ಕು ಹಿಡಿದ ಕತ್ತಿ ಕಟ್ಟಿಕೊಂಡು ಸಗಣಿ ಹೊರುತ್ತಿದ್ದರು. ಹೆಂಗಸರು ಕೈ ಕಪ್ಪಾಗಬಾರದೆಂದು ಕೈಗವಸು ಹಾಕಿಕೊಂಡು ಹುಲ್ಲು ಒಟ್ಟುತ್ತಿದ್ದರು.

ಹಿಲಾರಿಯ ಮಗಳು ಅಪೊಲೊನಿಯಾಗೆ ಆ ಕೈಗವಸು ಕಂಡರೆ ಮೈ ಉರಿಯುತ್ತಿತ್ತು. ವಯಸ್ಸು ಮೂವತ್ತು ದಾಟಿತ್ತು. ಕುಲೀನ ವರಗಳೆಲ್ಲ ವರದಕ್ಷಿಣೆ ಇಲ್ಲವೆಂದು ಮೂಗು ಮುರಿದು ಹೋಗಿದ್ದರು. ಅವಳಿಗೆ ಬೇಕಾಗಿದ್ದವನು ಓಲ್ಶಿನಿಯ ರೈತ ಬ್ವಾಝೆಯ್. ಭಾನುವಾರ ಹೆಣ್ಣು ಕೇಳಲು ಬರುತ್ತೇನೆಂದು ಅವನು ಹೇಳಿಕಳಿಸಿದ್ದ.

"ಬರ್ಲಿ ಬಿಡು, ಕಪ್ಪು ಸಾರು ಬಡಿಸೋಣ," ಅಂದ ಹಿಲಾರಿ.

ಬಾತುಕೋಳಿಯ ರಕ್ತದಿಂದ ಮಾಡುವ ಆ ಸಾರು ಬಡಿಸಿದರೆ ಹೆಣ್ಣು ಕೊಡುವುದಿಲ್ಲ ಎಂದರ್ಥ. ಬಾಯಿಬಿಟ್ಟು ಇಲ್ಲ ಅನ್ನುವುದು ಕುಲೀನರಿಗೆ ಹೀನಾಯ.

"ಇರೋದೇ ಒಂದು ಬಾತು, ಅಪ್ಪಾ. ಮೊಟ್ಟೆ ಇಡ್ತಿದೆ."

"ಮರ್ಯಾದೆಗಿಂತ ಮೊಟ್ಟೆ ಹೆಚ್ಚೇನೇ?"

"ಮರ್ಯಾದೇನ ಹುರ್ಕೊಂಡು ತಿನ್ನೋಕಾಗಲ್ವಲ್ಲ!"

ಅಪ್ಪ ಕೇಳಲಿಲ್ಲ. ಅವಳು ಅಳುತ್ತಲೇ ಬಾತನ್ನು ಕೊಯ್ದಳು. ಅದರೊಂದಿಗೆ ತನ್ನ ಮದುವೆಯೂ ಮುಗಿಯಿತು ಅಂದುಕೊಂಡಳು.

ಭಾನುವಾರ ಬ್ವಾಝೆಯ್ ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದ. ಹಿಲಾರಿ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ಮಹಾರಾಜನಂತೆ ಕೂತಿದ್ದ. ಅಪೊಲೊನಿಯಾ ಕೈಗವಸು ಹಾಕಿದ ಕೈಯಲ್ಲೇ ಬ್ವಾಝೆಯ್ ಮುಂದೆ ಕಪ್ಪು ಸಾರಿನ ಬಟ್ಟಲಿಟ್ಟು, ಅವನು ಎದ್ದು ಹೋಗುವುದನ್ನು ನೋಡಲಾರದೆ ನೆಲ ನೋಡುತ್ತ ನಿಂತಳು.

ಎದ್ದ ಸದ್ದು ಬರಲಿಲ್ಲ, ಸೊರಸೊರ ಸದ್ದು ಬಂತು. ಬ್ವಾಝೆಯ್ ಸಾರನ್ನೆಲ್ಲ ಕುಡಿದು, ಬಟ್ಟಲನ್ನು ರೊಟ್ಟಿಯಿಂದ ಒರೆಸಿ ಆ ರೊಟ್ಟಿಯನ್ನೂ ಬಾಯಿಗೆ ಹಾಕಿಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ಯಜಮಾನ್ರೇ, ಇದ್ದ ಒಂದು ಬಾತನ್ನೂ ನಂಗೋಸ್ಕರ ಕೊಯ್ಸಿಬಿಟ್ರಾ? ನಮ್ಮೂರಲ್ಲಿ ಅಳಿಯ ಅಂತ ಒಪ್ಕೊಂಡೋನಿಗೆ ಮಾತ್ರ ಬಾತು ಕೊಯ್ಯೋದು!"

ಹಿಲಾರಿ ಬಾಯಿ ತೆರೆದ. ಇಲ್ಲ ಅನ್ನಬೇಕಿತ್ತು, ಅದೂ ರೈತನೊಬ್ಬನ ಮುಂದೆ ಬಾಯಿಬಿಟ್ಟು. ಅವನ ವಂಶದಲ್ಲಿ ಯಾರೂ ಆ ಕೆಲಸ ಮಾಡಿರಲಿಲ್ಲ. ಬಾಯಿ ಮತ್ತೆ ಮುಚ್ಚಿಕೊಂಡಿತು.

ಅಪೊಲೊನಿಯಾ ಕೈಗವಸು ಕಿತ್ತು ಒಲೆಗೆ ಎಸೆದು, ಸೌಟು ಎತ್ತಿಕೊಂಡಳು.

"ಇನ್ನೊಂದ್ ಸ್ವಲ್ಪ ಹಾಕ್ಕೊಳ್ಳಿ," ಅಂದಳು ಬ್ವಾಝೆಯ್‌ಗೆ. "ಅಪ್ಪಾ, ಮದ್ವೆ ದಿನ ಯಾವ್ದು ಅಂತ ನೀವು ಹೇಳ್ತೀರೋ, ಅವ್ರೇ ಹೇಳ್ಬೇಕೋ?"