ಮರಿ ಇಲ್ಲದ ದೃಶ್ಯ

ರಾತ್ರಿ ಹನ್ನೆರಡು ದಾಟಿತ್ತು. ಪಕ್ಕದ ಕೋಣೆಯಿಂದ ಕುರಿಮರಿ ಅರಚಿದ್ದು ಪೂನಂಗೆ ಕೇಳಿಸಿತು. ತೀರ ಸಣ್ಣ ದನಿ. ಒಂದೇ ಸಲ.

ಬಸವಕಲ್ಯಾಣದ ಆ ಓಣಿಯಲ್ಲಿ ಯಾರೂ ಕುರಿ ಸಾಕಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದವನು ಅವಳ ತಮ್ಮ ಅವಿನಾಶ. ಸ್ವಲ್ಪ ಹೊತ್ತಿಗೆ ಮರಿ ಮತ್ತೆ ಅರಚಿತು. ಅದೇ ದನಿ, ಅಷ್ಟೇ ಉದ್ದ. ಅವನು ಮೊಬೈಲಿನಲ್ಲಿ ಒಂದೇ ದೃಶ್ಯವನ್ನು ಎರಡನೇ ಸಲ ನೋಡುತ್ತಿದ್ದ.

ಪೂನಂ ಎದ್ದು ಕುಳಿತಳು. ಆ ಮರಿ ಅವಳಿಗೆ ಗೊತ್ತಿತ್ತು. ಚಿತ್ರದಿಂದ ಅದನ್ನು ತೆಗೆದವಳು ಅವಳೇ. ದನಿ ತೆಗೆಯುವುದನ್ನು ಮರೆತಿದ್ದಳು.

ಬಿ.ಎ. ಮುಗಿಸಿ ಮೂರು ವರ್ಷದಿಂದ ಅವಳು ಉತ್ತಮ ಸೇಠನ ವಿಡಿಯೊ ಅಂಗಡಿಯಲ್ಲಿ ಎಡಿಟಿಂಗ್ ಮಾಡುತ್ತಿದ್ದಳು. ಮದುವೆ, ಸೀಮಂತ, ಹುಟ್ಟುಹಬ್ಬ. ಹೋದ ಚಳಿಗಾಲದಲ್ಲಿ ಸೇಠ ಹುಮನಾಬಾದಿನಿಂದ ಅಂಬಾದಾಸ ಕಾಕಾನನ್ನು ಕರೆತಂದ. ಕಾಕಾನಿಗೆ ಅರವತ್ತೆಂಟು ವರ್ಷ. ಹೈದರಾಬಾದಿನಲ್ಲಿ ಮೂವತ್ತು ವರ್ಷ, ಬಾಗಿಲು ಹಾಕಿಕೊಂಡು ನೋಡುವಂಥ ಸಿನಿಮಾ ತೆಗೆದವನು. ಒಂದು ಪೋಸ್ಟರಿನ ಮೇಲೂ ತನ್ನ ಹೆಸರು ಹಾಕಿಸಿಕೊಂಡಿರಲಿಲ್ಲ. ಆ ಕಸುಬಿನ ಬಗ್ಗೆ ಅವನಿಗೆ ಈಗ ಹೇಸಿಕೆಯೂ ಉಳಿದಿರಲಿಲ್ಲ, ಬರೀ ದಣಿವು. ಸಾಯುವ ಮೊದಲು ಒಂದು ಖರೇ ಸಿನಿಮಾ ಮಾಡಬೇಕು ಎನ್ನುತ್ತಿದ್ದ. ಕುರಿ ಕಾಯುವ ಹೆಂಗಸಿನ ಒಂದು ದಿನ. ಮಾತು ಕಡಿಮೆ. ಬಯಲು, ಕುರಿ, ಮಳೆ. ಸೇಠ ಆಗಲಿ ಎಂದ.

ಬೇಮಳಖೇಡದ ಮಾಣಿಕಮ್ಮ ಸಿಕ್ಕಳು. ಸೇಠ ಬಾಡಿಗೆಗೆ ಹಿಡಿದದ್ದು ಅವಳ ಕುರಿಗಳನ್ನು. ತನ್ನ ಕೂಲಿ ಎಷ್ಟು ಎಂದು ಅವಳು ಕೇಳಿದಾಗ ಸೇಠ ನಕ್ಕ.

"ಕುರಿ ಬಂದ್ರ ಕಾಯಾಕಿ ಬರ್ಲೇಬೇಕಲ್ಲ. ನಿನಗ ಬ್ಯಾರೆ ಬಾಡಿಗಿ ಯಾಕ?"

"ಹಂಗಾದ್ರ ಕುರಿಗೇ ಮಾತ ಕಲಸ್ರಿ ಸೇಠ್" ಎಂದಳು ಮಾಣಿಕಮ್ಮ. ಆದರೂ ಬಂದಳು. ಮಗಳು ದೀಪಾಲಿಯ ಮದುವೆ ಮಂಠಾಳದ ಮನೆತನಕ್ಕೆ ಗೊತ್ತಾಗಿತ್ತು. ಮನೆಯಲ್ಲಿ ಖರ್ಚು ಎದ್ದಿತ್ತು.

ಶೂಟಿಂಗ್ ಮೊದಲು ಒಪ್ಪಿಗೆಯ ವಿಡಿಯೊ ತೆಗೆಯಬೇಕು. ಕ್ಯಾಮೆರಾ ಮುಂದೆ ಆಧಾರ್ ಕಾರ್ಡು ಹಿಡಿದು ಹೆಸರು, ಊರು ಹೇಳಿ, ಒಪ್ಪಿಗೆ ಹೇಳುವುದು. ಅದನ್ನು ಬರೆದುಕೊಟ್ಟವಳು ಪೂನಂ. ಹೆಂಗಸರಿಗೆ ಮುಂದೆ ತೊಂದರೆ ಆಗಬಾರದು, ಎಲ್ಲ ಕಾಗದದ ಪ್ರಕಾರ ಇರಬೇಕು ಎಂದು ಎರಡು ಸಲ ತಿದ್ದಿ ಬರೆದಿದ್ದಳು. 'ನನ್ನ ಚಿತ್ರವನ್ನು ಯಾವ ರೂಪದಲ್ಲಿ, ಯಾವುದರ ಜೊತೆಗೆ ಬೇಕಾದರೂ ಬಳಸಲು ನನ್ನ ಪೂರ್ಣ ಒಪ್ಪಿಗೆ ಇದೆ.' 'ಯಾವುದರ ಜೊತೆಗೆ' ಎಂದು ಸೇರಿಸಲು ಹೇಳಿದವನು ಸೇಠ. ಹಾಡಿನ ಜೊತೆ ಇರಬಹುದು ಎಂದುಕೊಂಡಿದ್ದಳು. ಓದು ಬಾರದ ಮಾಣಿಕಮ್ಮ ಅವಳ ಹಿಂದೆ ಹಿಂದೆ ಒಂದೊಂದೇ ತುಂಡು ಹೇಳಿದಳು. ತಪ್ಪಾದಾಗ ತಾನೇ ನಕ್ಕು, ಮತ್ತೆ ಮೊದಲಿನಿಂದ ಹೇಳಿದಳು.

ಮಳೆಗೆ ಟ್ಯಾಂಕರ್ ತರಿಸಿದ್ದರು. ಮಾಣಿಕಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿಗಳ ಹಿಂದೆ ನಡೆಯಬೇಕು, ಅಷ್ಟೇ. ಪೈಪಿನ ನೀರು ಜೋರಾಗಿ ಬಿತ್ತು. ಎರಡು ದಿನದ ಮರಿಯೊಂದು ಗುಂಪಿನಿಂದ ತಪ್ಪಿ ಕೆಸರಿನಲ್ಲಿ ಬಿದ್ದು ನಡುಗತೊಡಗಿತು. ನೀರು ನಿಲ್ಲಿಸಿರಿ ಎಂದು ಅವಳು ಕೂಗಿ ಹೇಳಿದಳು. ನಿಲ್ಲಿಸಬೇಡ ಎಂದು ಕಾಕಾ ಪೈಪಿನವನಿಗೆ ಕೈ ಮಾಡಿದ. ಅವಳು ಮತ್ತೆ ಹೇಳಲಿಲ್ಲ. ಮೈಮೇಲಿನ ಕಂಬಳಿ ತೆಗೆದು ಮರಿಗೆ ಸುತ್ತಿದಳು, ಮಂಡಿಯ ನಡುವೆ ಇಟ್ಟುಕೊಂಡು ಬಾಗಿ ಕೂತಳು. ತೋಯ್ದ ಸೀರೆ ಮೈಗೆ ಅಂಟಿತು. ಅವಳಿಗೆ ಕ್ಯಾಮೆರಾ ಇರುವುದೇ ಮರೆತುಹೋಗಿತ್ತು. ಕುರಿ ಕಾಯುವ ಯಾರಾದರೂ ಅದನ್ನೇ ಮಾಡುತ್ತಿದ್ದರು. ಮರಿಗೆ ಬಿಸಿ ಬರಲಿ ಎಂದು ಬಾಯಿಯಿಂದ ಉಸಿರು ಬಿಡುತ್ತ, ಕಣ್ಣು ಅರ್ಧ ಮುಚ್ಚಿದ್ದಳು.

ಕಾಕಾ ಅವತ್ತು ಮರದ ಹಿಂದೆ ಹೋಗಿ ಅತ್ತ.

ವಾರದ ಮೇಲೆ ಸೇಠ ಅಂಗಡಿಗೆ ಬಂದು ಆ ನಾಲ್ಕು ನಿಮಿಷ ನೋಡಿದ. "ಮರಿ ತಗಿ. ಆಕಿ ಮಾರಿ ಇಡು, ಉಸುರು ಇಡು" ಎಂದ. ಮರಿ ಇಲ್ಲದಿದ್ದರೆ ಅರ್ಥ ಕೆಡುತ್ತದೆ ಎಂದಳು ಪೂನಂ. ಜಾಹೀರಾತಿಗಷ್ಟೇ, ಪೂರ್ತಿ ಸಿನಿಮಾದಲ್ಲಿ ಮರಿ ಇರುತ್ತದೆ ಎಂದ. ಅವಳು ಅವನ ಮುಖ ನೋಡಿದಳು. ನಂಬಲಿಲ್ಲ. ಚೌಕಟ್ಟನ್ನು ಬಿಗಿ ಮಾಡಿ, ಮರಿಯನ್ನು ಹೊರಗೆ ಹಾಕಿದಳು.

ಈಗ ತಮ್ಮನ ಕೈಯಿಂದ ಮೊಬೈಲು ಕಸಿದುಕೊಂಡು ನೋಡಿದಳು. ಮಾಣಿಕಮ್ಮನ ಮುಖ. ಆಮೇಲೆ ಯಾರದೋ ಬೆತ್ತಲೆ ಮೈ. ಮತ್ತೆ ಮಾಣಿಕಮ್ಮನ ಮುಖ. ಜೋಡಿಸಿದ ಗೆರೆ ಎಲ್ಲೂ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಫೋನು ಮಾಡಿ ಮಾಣಿಕಮ್ಮನನ್ನು ಹುಮನಾಬಾದಿಗೆ ಕರೆಸಿದಳು. ಬಸ್ ನಿಲ್ದಾಣದ ಹಿಂದೆ ನಿಂತು ವಿಷಯ ಹೇಳಿದಳು. ಮಾಣಿಕಮ್ಮ ನೋಡುತ್ತೇನೆ ಎಂದಳು. ನೋಡಿದಳು. ಅರ್ಧಕ್ಕೆ ಮೊಬೈಲು ತಿರುಗಿಸಿ ಕೊಟ್ಟಳು. ಇಬ್ಬರೂ ಕಾಕಾನ ಮನೆಗೆ ನಡೆದರು.

ಕಾಕಾ ಹೊಸ್ತಿಲಲ್ಲಿ ಕೂತಿದ್ದ. ಅವರನ್ನು ನೋಡಿ ಎದ್ದ, ಮತ್ತೆ ಕೂತ.

"ಆ ಮೈ ಯಾರ್ದು?" ಮಾಣಿಕಮ್ಮ ಕೇಳಿದ ಮೊದಲ ಮಾತು ಅದು.

"ನನ್ನ ಹಳೇ ಸಿನಿಮಾದ್ದು. ಲಲಿತಾಬಾಯಿ ಅಂತ."

"ಆಕಿಗಿ ಗೊತ್ತದೇನು?"

"ಇಲ್ಲವ್ವ. ಜೀವಂತ ಅದಾಳೋ ಇಲ್ಲೋ."

"ಹಂಗಾದ್ರ ಇಬ್ಬರನ್ನೂ ಮಾರೀರಿ."

ಕಾಕಾ ಕೈ ನೋಡಿಕೊಂಡ. ಹಳೆಯ ಸಿನಿಮಾದ ಬೆತ್ತಲೆ ತುಂಡು ಜೋಡಿಸಿಕೊಟ್ಟರೆ ಪೂರ್ತಿ ಸಿನಿಮಾ ಬಿಡುಗಡೆ ಮಾಡುತ್ತೇನೆ ಎಂದು ಸೇಠ ಹೇಳಿದ್ದನಂತೆ. ಜೋಡಿಸಿಕೊಟ್ಟ ಮರುದಿನ ಪೂರ್ತಿ ಸಿನಿಮಾ ಇದ್ದ ಡಿಸ್ಕು ಬೀರುವಿನಲ್ಲಿಟ್ಟು ಬೀಗ ಹಾಕಿದನಂತೆ. "ಜಲ್ಮದಾಗ ತಗದಿದ್ದು ಒಂದೇ ಖರೇ ದೃಶ್ಯ" ಎಂದ. "ಅದನ್ನ ಈ ಕೈಲೇ ಹೊಲಸ ಮಾಡ್ದೆ. ಈ ಕೈಗಿ ಅದೊಂದೇ ಬರ್ತದ."

ಠಾಣೆಗೆ ಬಂದು ಇಷ್ಟನ್ನೇ ಹೇಳು ಎಂದಳು ಪೂನಂ. ಕಾಕಾ ತಲೆ ಅಲ್ಲಾಡಿಸಿದ. ಹಳೆಯ ಸಿನಿಮಾಗಳೆಲ್ಲ ಮೇಲೆ ಬರುತ್ತವೆ, ಮೊಮ್ಮಕ್ಕಳು ಇದೇ ಊರಿನ ಸಾಲೆಗೆ ಹೋಗುತ್ತಾರೆ ಎಂದ. ಚಹಾ ಮಾಡಿಸಲೇನು ಎಂದು ಕೇಳಿದ. ಇಬ್ಬರೂ ಅಲ್ಲಿಂದ ವಕೀಲರ ಹತ್ತಿರ ಹೊರಟರು.

ಶಂಕರಲಿಂಗ ವಕೀಲರ ಕಚೇರಿ ಮೊದಲ ಮಹಡಿಯಲ್ಲಿತ್ತು. ವಕೀಲರು ಕನ್ನಡಕ ಹಾಕಿಕೊಂಡು ವಿಡಿಯೊ ನೋಡಿದರು. ಮೊದಲ ನಿಮಿಷದಲ್ಲೇ ಗೊತ್ತಾಗುವಂಥದ್ದು. ಅವರು ಕೊನೆಯ ತನಕ ನೋಡಿದರು. ಅವರ ಗುಮಾಸ್ತ ಕುರ್ಚಿಯ ಹಿಂದೆ ಬಂದು ನಿಂತಿದ್ದ. ಮಾಣಿಕಮ್ಮ ಗೋಡೆಯ ಕಡೆ ಮುಖ ಮಾಡಿದ್ದಳು.

ಒಪ್ಪಿಗೆಯ ವಿಡಿಯೊ ಪೂನಂಳ ಮೊಬೈಲಿನಲ್ಲೇ ಇತ್ತು. ಅದನ್ನೂ ಕೇಳಿದರು.

"ಭಾಳ ಪಕ್ಕಾ ಬರ್ದಾರ. ಯಾವ ವಕೀಲರು?"

"ನಾನ್ರಿ" ಎಂದಳು ಪೂನಂ.

ಅವರು ಸಮಾಧಾನವಾಗಿಯೇ ಬಿಡಿಸಿ ಹೇಳಿದರು. ದೂರು ಕೊಡಬಹುದು. ಸೇಠ ಈ ಒಪ್ಪಿಗೆ ತೋರಿಸುತ್ತಾನೆ. ಮರಿ ಇರುವ ಆ ಡಿಸ್ಕು ಸಿಕ್ಕರೆ ಕೇಸು ಗಟ್ಟಿ, ಆದರೆ ಸೇಠ ಅದನ್ನು ಇಟ್ಟುಕೊಂಡು ಕೂತಿರುವುದಿಲ್ಲ. ಆಗ ಇದು ಇವರ ಮೈ ಅಲ್ಲ ಎಂದು ಸಾಬೀತು ಮಾಡುವ ಪ್ರಶ್ನೆ ಬರುತ್ತದೆ. "ಡಾಕ್ಟರ್ ಮುಂದ ಮೈಮ್ಯಾಲಿನ ಗುರ್ತು ತೋರ್ಸರಿ ಅಂತಾರ." ಅದು ಬೇಡವೆಂದರೆ ಸಾಕ್ಷಿ ಬೇಕು.

ಅವರು ಪೂನಂ ಕಡೆ ತಿರುಗಿದರು. "ಮರಿ ತಗದಾಕಿ ನಾನೇ ಅಂತ ಬರ್ಕೊಡ್ತೀರೇನು? ನಿಮ್ಮ ಹೆಸರೂ ಆರೋಪಿ ಪಟ್ಟಿಗಿ ಬರಬಹುದು. ಮೊದಲೇ ಹೇಳ್ತೀನಿ."

ಪೂನಂ ಬಾಯಿ ತೆರೆದಳು. ನೌಕರಿ, ಅಪ್ಪನ ಮುಖ, ಪೇಪರಿನಲ್ಲಿ ಹೆಸರು. ಮಾತು ಬರಲಿಲ್ಲ. ಮಾಣಿಕಮ್ಮ ಗೋಡೆಯಿಂದ ಮುಖ ತಿರುಗಿಸಿ ಅವಳನ್ನೇ ನೋಡುತ್ತಿದ್ದಳು. ನೋಡಿ ಎದ್ದಳು. ವಕೀಲರಿಗೆ ಕೈ ಮುಗಿದು ಮೆಟ್ಟಿಲಿಳಿದಳು.

ಕೆಳಗೆ ಪೂನಂ ಅವಳ ಕೈ ಹಿಡಿದಳು. "ಬರ್ಕೊಡ್ತೀನಿ ಅಕ್ಕಾ. ನಡೀರಿ, ಮತ್ತ ಮ್ಯಾಲ ಹೋಗೂಣು."

"ನೀ ಬರ್ಕೊಟ್ಟಿದ್ದು ಒಂದ್ಸಲ ಸಾಕು."

ಮಾಣಿಕಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇವರ ಮುಂದ ತೋರ್ಸಿದ್ದಾಯ್ತು. ಇನ್ನ ಪೊಲೀಸರು, ಡಾಕ್ಟರ್, ಕೋರ್ಟು. ಎಷ್ಟು ಮಂದಿಗಿ ತೋರಿಸಿ ನಾ ಅಲ್ಲ ಅನ್ಲಿ? ಮರಿಗಿ ಕಂಬಳಿ ಹೊಚ್ಚಿದೆ. ಅದು ತಪ್ಪು ಅಂತ ಯಾರ ಬಾಯಿಂದನೂ ನಾ ನಿಂತು ಕೇಳಂಗಿಲ್ಲ."

ಅವಳ ಫೋನು ಬಡಿದುಕೊಂಡಿತು. ಗಂಡ ಭೀಮಶಾ. ಎಲ್ಲಿದ್ದೀ ಎಂದು ಕೇಳುತ್ತಿದ್ದ. ಕುರಿಗಳಿಗೆ ಜಂತಿನ ಔಷಧ ತರಲು ಬಂದಿದ್ದೇನೆ, ಸಂಜೆಗೆ ಬರುತ್ತೇನೆ ಎಂದಳು. ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ದಾಟಿದಳು. ಔಷಧದ ಅಂಗಡಿಗೆ ಹೋಗಿ ನಿಜವಾಗಿಯೂ ಒಂದು ಬಾಟಲಿ ಕೊಂಡಳು. ಕುರಿ ಎಷ್ಟು ಎಂದು ಅಂಗಡಿಯವನು ಕೇಳಿದ. ಹೇಳಿದಳು. ಎಷ್ಟೆಷ್ಟು ಕುಡಿಸಬೇಕೆಂದು ಎರಡು ಸಲ ಕೇಳಿ ತಿಳಿದುಕೊಂಡಳು.

ಹೊರಗೆ ಬಂದು ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ದೀಪಾಲಿ ಅಪ್ಪಗ ಹೇಳಂಗಿಲ್ಲ. ದೀಪಾಲಿಗಿ ಹೇಳಂಗಿಲ್ಲ" ಎಂದಳು. "ಯಾರಿಗೂ ಹೇಳಂಗಿಲ್ಲ."