ಲಾಕಿಗೊಂದು ಜಾಗ

ಶನಿವಾರ ಬೆಳಗ್ಗೆ ಹತ್ತೂವರೆ. ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯ ಷಟರ್ ಇನ್ನೂ ಅರ್ಧಕ್ಕೇ ನಿಂತಿತ್ತು. ಗಂಡ ಹೆಂಡತಿ ಇಬ್ಬರೂ ಅದರಡಿ ತಲೆ ತಗ್ಗಿಸಿ ಒಳಗೆ ಹೋದರು. ಗಂಡನಿಗೆ ಬಗ್ಗುವುದು ಕಷ್ಟ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಬೆನ್ನಿಗೆ ಪೆಟ್ಟು ಬಿದ್ದ ಮೇಲೆ ಆತ ಮನೆ ಹಿಡಿದಿದ್ದ. ಹೆಂಡತಿ ಹತ್ತೊಂಬತ್ತು ವರ್ಷ ಒಂದೇ ಪ್ರೆಸ್ಸಿನಲ್ಲಿ ಟೈಪ್ ಮಾಡಿದವಳು. ಪ್ರೆಸ್ಸಿನ ಕಂಪ್ಯೂಟರ್ ಹೊಗೆ ಬಿಟ್ಟು ಕೆಟ್ಟುಹೋದ ವಾರವೇ ಯಜಮಾನರು ಪ್ರೆಸ್ಸನ್ನೂ ಮುಚ್ಚಿದ್ದರು.

ಹೊಸ ಕಂಪ್ಯೂಟರಿನ ಬೆಲೆಯನ್ನು ಹಿಂದಿನ ದಿನವೇ ಕೇಳಿ ಬಂದಾಗಿತ್ತು. ಇವರ ಕೈಲಿದ್ದದ್ದು ಅದರ ಕಾಲು ಭಾಗ. ಈ ಅಂಗಡಿಯವನ ಬಳಿ ಗೋಡೆಯುದ್ದಕ್ಕೂ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಲಾಗಿತ್ತು. ಎಲ್ಲಕ್ಕೂ ಬಿಳಿ ಚೀಟಿ ಅಂಟಿತ್ತು.

"ಇವೆಲ್ಲಾ ಬ್ಯಾಂಕಲ್ಲಿ ಇದ್ದು ಬಂದಿದ್ದು ಅಕ್ಕಾ. ಹತ್ತಕ್ಕೆ ಎದ್ದು ಐದಕ್ಕೆ ಮಲಗಿದ ಮಿಷನ್‌ಗಳು. ದುಡಿದಿದ್ದೇ ಕಮ್ಮಿ" ಎಂದ ಅಂಗಡಿಯವನು.

"ನಮ್ಮನೇಲಿ ದುಡಿಸ್ತಾಳೆ ಬಿಡಿ" ಎಂದ ಗಂಡ.

ಅಂಗಡಿಯವನು ನಕ್ಕು, ಏನು ಕೆಲಸಕ್ಕೆ ಬೇಕೆಂದು ಕೇಳಿದ. ಟೈಪಿಂಗಿಗೆ ಎಂದಳು ಆಕೆ.

"ಬೇರೆ ಏನಾದ್ರೂ ಹಾಕೋದಿದ್ಯಾ? ಹಳೇ ಸಾಫ್ಟ್‌ವೇರು, ಹಳೇ ಪ್ರಿಂಟರು, ಅಂಥದ್ದು?"

ಆಕೆಯ ಕೈ ಚೀಲದ ಬಾಯಿಯನ್ನು ಹಿಡಿದುಕೊಂಡಿತು. "ಇಲ್ಲ. ಬರೀ ಟೈಪಿಂಗು."

ಚೀಲದೊಳಗೆ ಕರವಸ್ತ್ರದಲ್ಲಿ ಸುತ್ತಿದ ಲಾಕು ಇತ್ತು. ಬೆಂಕಿಪೊಟ್ಟಣದಷ್ಟು ಗಾತ್ರ, ಒಂದು ಮುಖದಲ್ಲಿ ಎರಡು ಸಾಲು ಸೂಜಿ. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದರೆ ಮಾತ್ರ ಪ್ರೆಸ್ಸಿನ ಟೈಪಿಂಗ್ ಪ್ರೋಗ್ರಾಂ ತೆರೆದುಕೊಳ್ಳುತ್ತಿತ್ತು. ಆ ಪ್ರೋಗ್ರಾಮಿನಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂಬ ಜೋಡಣೆ ಬೇರಾವುದರಲ್ಲೂ ಇಲ್ಲ. ಆಕೆಯ ಬೆರಳುಗಳಿಗೆ ಗೊತ್ತಿದ್ದದ್ದು ಅದೊಂದೇ. ಒಂದು ಕಾಲದಲ್ಲಿ ಅಂಥ ಲಾಕಿನ ಬೆಲೆ ಕಂಪ್ಯೂಟರಿಗಿಂತ ಹೆಚ್ಚು. ಪ್ರೆಸ್ಸಿನ ಮೊದಲಿನ ಲಾಕನ್ನು ಕೆಲಸದವನೊಬ್ಬ ಊಟದ ಡಬ್ಬಿಯಲ್ಲಿಟ್ಟುಕೊಂಡು ಹೋಗಿ ಪಕ್ಕದ ಬೀದಿಯ ಪ್ರೆಸ್ಸಿಗೆ ಮಾರಿದ್ದೂ ಉಂಟು. ಅಂದಿನಿಂದ ಯಜಮಾನರು ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಲಾಕನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಬೆಳಗ್ಗೆ ಅವರು ಬಂದು ಸಿಕ್ಕಿಸುವವರೆಗೆ ಆಕೆ ಸುಮ್ಮನೆ ಕುಳಿತಿರಬೇಕಿತ್ತು. ಕೊನೆಯ ದಿನ, ಸಂಬಳದ ಬಾಕಿಯ ಜೊತೆ ಅದನ್ನೂ ಪ್ರೋಗ್ರಾಮಿನ ಸಿ.ಡಿ.ಯನ್ನೂ ಆಕೆಯ ಕೈಗಿಟ್ಟು, "ಯಾರಿಗೂ ತೋರಿಸ್ಬೇಡಮ್ಮ. ಮಾಡಿದ ಕಂಪನಿಯೇ ಇಲ್ಲ ಈಗ. ಇದು ಹೋದ್ರೆ ಇನ್ನೊಂದು ಹುಟ್ಟಲ್ಲ" ಎಂದಿದ್ದರು.

ಆಕೆ ಗಂಡನಿಗೂ ಒಂದೇ ಸಲ ತೋರಿಸಿದ್ದಳು.

ಬಜೆಟ್ಟಿಗೆ ಹೊಂದುವ ಯಂತ್ರಗಳು ಎರಡೇ ಇದ್ದವು. ಒಂದು ಮೊಣಕಾಲೆತ್ತರದ ದೊಡ್ಡ ಪೆಟ್ಟಿಗೆ, ಬಣ್ಣ ಮಾಸಿದ್ದು. ಇನ್ನೊಂದು ದಪ್ಪ ನಿಘಂಟನ್ನು ನಿಲ್ಲಿಸಿಟ್ಟಂಥ ಸಣ್ಣದು. ಗಂಡ ದೊಡ್ಡದರ ನೆತ್ತಿ ತಟ್ಟಿ ನೋಡಿ, ಇದೇ ಗಟ್ಟಿ ಎಂದ. ಲಾರಿಯ ಲೆಕ್ಕದಲ್ಲಿ ಹೇಳಿದ್ದು ಅದು. ಆಕೆಗೆ ಮನೆಯ ಕಿಟಕಿ ಪಕ್ಕದ ಮೇಜು ಕಣ್ಣ ಮುಂದೆ ಬಂತು. ಹೊಲಿಗೆ ಯಂತ್ರ ಇಟ್ಟಿದ್ದ ಮೇಜು ಅದು. ಅದರ ಮೇಲೆ ಹಸ್ತಪ್ರತಿ ಹರಡಲು ಜಾಗ ಉಳಿಯಬೇಕು. ಸಣ್ಣದೇ ಇರಲಿ ಎಂದಳು.

ಆಮೇಲಿನ ಅರ್ಧ ಗಂಟೆ ಕೀಬೋರ್ಡಿಗೆ ಹೋಯಿತು. ಅಂಗಡಿಯವನು ರಟ್ಟಿನ ಪೆಟ್ಟಿಗೆಯಿಂದ ಒಂದೊಂದೇ ತೆಗೆದುಕೊಟ್ಟ. ಆಕೆ ಪ್ರತಿಯೊಂದನ್ನೂ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಬಡಿದು ನೋಡಿದಳು. ಒಂದು ತೀರಾ ಮೆತ್ತಗಿತ್ತು. ಒಂದರ ಸ್ಪೇಸ್ ಬಾರ್ ಎಡಗಡೆ ಹಿಡಿಯುತ್ತಿತ್ತು. ಏಳನೆಯದೋ ಎಂಟನೆಯದೋ ಸರಿಹೋಯಿತು. ಇಷ್ಟು ವರ್ಷದಲ್ಲಿ ಇಂಥ ಗಿರಾಕಿ ಬಂದಿಲ್ಲ ಎಂದು ಅಂಗಡಿಯವನು ಮೆಚ್ಚಿಕೊಂಡ. ಕಂಪ್ಯೂಟರನ್ನು ಹಿಂದುಮುಂದು ಮಾಡಿ ನೋಡುವುದು ಗಂಡ ಹೆಂಡತಿ ಇಬ್ಬರಿಗೂ ಹೊಳೆಯಲಿಲ್ಲ. ಕೊಡಕ್ಕೆ ಬಾಯಿ ಇರುವ ಹಾಗೆ, ಕಂಪ್ಯೂಟರಿಗೆ ಲಾಕು ಸಿಕ್ಕಿಸುವ ಜಾಗ ಇದ್ದೇ ಇರುತ್ತದೆಂದು ಆಕೆ ತಿಳಿದಿದ್ದಳು.

ಹೊಸ ಪ್ಲಗ್ ಹಾಕಲು ಎಲೆಕ್ಟ್ರಿಷಿಯನ್ ಬಂದದ್ದು ಭಾನುವಾರ ಮಧ್ಯಾಹ್ನ. ಆತ ಹೋದ ಮೇಲೆ ಆಕೆ ಬಾಗಿಲ ಚಿಲಕ ಹಾಕಿ ಚೀಲದಿಂದ ಲಾಕು ತೆಗೆದಳು. ಮೇಜಿನ ಅಂಚಿನಲ್ಲಿ ನಿವೃತ್ತ ಹೆಡ್‌ಮಾಸ್ತರರ ಹಸ್ತಪ್ರತಿ ಇತ್ತು, ಮುನ್ನೂರು ಹಾಳೆ. ಅವರ ಮೊದಲಿನ ಎರಡು ಪುಸ್ತಕಗಳನ್ನು ಪ್ರೆಸ್ಸಿನಲ್ಲಿ ಆಕೆಯೇ ಟೈಪ್ ಮಾಡಿದ್ದು. ತಿಂಗಳ ಕೊನೆಗೆ ಮುಗಿಸಿ ಕೊಡುವುದೆಂದು ಮಾತಾಗಿತ್ತು. ಇದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಪ್ರೆಸ್ಸಿನ ಹಳೆಯ ಗಿರಾಕಿಗಳು ಮನೆ ಹುಡುಕಿಕೊಂಡು ಬರುತ್ತಾರೆ. ಕೊಡದಿದ್ದರೆ ಬಸ್ ನಿಲ್ದಾಣದ ಎದುರಿನ ಹೊಸ ಅಂಗಡಿಗೆ ಹೋಗುತ್ತಾರೆ. ಮನೆಗೆ ಬರುವ ಆದಾಯ ಅಂತ ಈಗ ಬೇರೆ ಏನೂ ಇರಲಿಲ್ಲ.

ಗಂಡ ಕಂಪ್ಯೂಟರನ್ನು ತಿರುಗಿಸಿ ಹಿಂಬದಿಗೆ ಟಾರ್ಚ್ ಬಿಟ್ಟ. ಬೆರಳಿನಿಂದ ಮೇಲಿಂದ ಕೆಳಗೆ ಸವರಿದ. ಇನ್ನೊಮ್ಮೆ ಸವರಿದ.

"ಇದಕ್ಕೆ ಜಾಗವೇ ಇಲ್ವಲ್ಲೇ."

"ಸರಿಯಾಗಿ ನೋಡಿ."

"ನೀನೇ ನೋಡು."

ಆಕೆ ನೋಡಿದಳು. ಚಪ್ಪಟೆಯಾದ ಸಣ್ಣ ಸಣ್ಣ ಕಿಂಡಿಗಳಿದ್ದವು. ಎರಡು ಸಾಲು ಸೂಜಿ ಕೂರುವ ಅಗಲದ್ದು ಒಂದೂ ಇರಲಿಲ್ಲ. ದೊಡ್ಡದನ್ನೇ ತಗೊಳ್ಳೋಣ ಎಂದಿದ್ದೆನಲ್ಲ ಎಂದು ಗಂಡ ಈಗ ಹೇಳುತ್ತಾನೆ ಎಂದುಕೊಂಡಳು. ಆತ ಹೇಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗಲೂ ಹೇಳಲಿಲ್ಲ. ಹೇಳಿದ್ದರೆ ಆಕೆಗೆ ತಿರುಗಿ ಬೈಯಲಾದರೂ ಆಗುತ್ತಿತ್ತು.

ಸೋಮವಾರ ಕಂಪ್ಯೂಟರನ್ನು ಹೊತ್ತುಕೊಂಡು ಆಕೆ ಒಬ್ಬಳೇ ಹೋದಳು. ಗೋಡೆಯ ಪಕ್ಕ ದೊಡ್ಡ ಪೆಟ್ಟಿಗೆಯಿದ್ದ ಜಾಗ ಖಾಲಿಯಾಗಿತ್ತು. ಶನಿವಾರ ಇವರು ಹೋದ ಮಧ್ಯಾಹ್ನವೇ ಲಾರಿ ತೂಕ ಮಾಡುವ ಕೇಂದ್ರದವರು ಬಂದು ಒಯ್ದರಂತೆ. ಅವರ ಹಳೆಯ ಪ್ರಿಂಟರಿಗೆ ಅಂಥ ಅಗಲದ ಕಿಂಡಿಯೇ ಬೇಕಿತ್ತಂತೆ.

ಆಕೆ ಕರವಸ್ತ್ರ ಬಿಚ್ಚಿ ಲಾಕನ್ನು ಕೌಂಟರಿನ ಮೇಲಿಟ್ಟಳು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದ.

"ಶನಿವಾರ ಕೇಳಿದ್ನಲ್ಲ ಅಕ್ಕಾ, ಹಳೇದು ಏನಾದ್ರೂ ಹಾಕೋದಿದ್ಯಾ ಅಂತ."

"ಹೌದು. ಕೇಳಿದ್ರಿ."

"ಇದನ್ನ ತೋರಿಸಿದ್ರೆ ಸಾಕಿತ್ತು. ದೊಡ್ಡದನ್ನೇ ಕೊಡ್ತಿದ್ದೆ."

ಯಾರಾದರೂ ಕದ್ದಾರು ಎಂದು ತೋರಿಸಲಿಲ್ಲ ಎಂದಳು ಆಕೆ. ಅವನು ಲಾಕನ್ನು ಮೆಲ್ಲಗೆ ಕರವಸ್ತ್ರದ ಮೇಲೆಯೇ ಇಟ್ಟ.

"ಈಗ ಇದನ್ನ ಯಾರ್ ಕದೀತಾರೆ ಅಕ್ಕಾ? ರಸ್ತೇಲಿ ಬಿದ್ದಿದ್ರೂ ಯಾರೂ ಎತ್ಕೊಳ್ಳಲ್ಲ."

ಅವನು ಕೆಟ್ಟವನಲ್ಲ. ತೂಕದ ಕೇಂದ್ರಕ್ಕೆ ಫೋನ್ ಮಾಡಿ ಬದಲಾಯಿಸಿಕೊಳ್ಳುತ್ತೀರಾ ಎಂದು ಕೇಳಿದ. ಅವರು ಒಪ್ಪಲಿಲ್ಲ. ಲಾಕನ್ನು ಸಣ್ಣ ಕಿಂಡಿಗೆ ಜೋಡಿಸುವ ವೈರೊಂದನ್ನು ಹುಡುಕಿ ತೆಗೆದು ಹಾಕಿ ನೋಡಿದ. ಆಕೆ ತಂದಿದ್ದ ಸಿ.ಡಿ.ಯ ಪ್ರೋಗ್ರಾಂ ಲಾಕನ್ನು ಗುರುತಿಸಲಿಲ್ಲ. ಅಷ್ಟು ಹಳೆಯ ಯಂತ್ರ ಇನ್ನೊಂದು ಯಾವಾಗ ಬರುತ್ತದೋ ಹೇಳಲಾಗದು, ಬರದೆಯೂ ಇರಬಹುದು ಎಂದ. ಕೊನೆಗೆ, ಲಾಕು ಬೇಡದ ಬೇರೆ ಪ್ರೋಗ್ರಾಮೊಂದನ್ನು ದುಡ್ಡಿಲ್ಲದೆ ಹಾಕಿಕೊಟ್ಟು, ಟೈಪ್ ಮಾಡಿ ನೋಡಿ ಎಂದು ಸ್ಟೂಲ್ ಎಳೆದುಕೊಟ್ಟ.

ಆಕೆ ಕಣ್ಣು ಮುಚ್ಚಿ, ಹೆಡ್‌ಮಾಸ್ತರರ ಮುನ್ನುಡಿಯ ಮೊದಲ ಸಾಲನ್ನು ನೆನಪಿನಿಂದ ಟೈಪ್ ಮಾಡಿದಳು. ಬೆರಳುಗಳು ಎಂದಿನ ವೇಗದಲ್ಲೇ ಓಡಿದವು. ಕಣ್ಣು ಬಿಟ್ಟಾಗ ಪರದೆಯ ಮೇಲೆ ಒಂದು ಸಾಲು ಅಕ್ಷರಗಳಿದ್ದವು. ಅದರಲ್ಲಿ ಓದಿಸಿಕೊಳ್ಳುವ ಒಂದು ಪದವೂ ಇರಲಿಲ್ಲ.

"ಇದ್ರಲ್ಲಿ ಅಕ್ಷರಗಳು ಬೇರೆ ಬೇರೆ ಕಡೆ ಇರ್ತವೆ ಅಕ್ಕಾ. ಅಭ್ಯಾಸ ಆಗುತ್ತೆ" ಎಂದ ಅವನು.

"ನಂಗೆ ಐವತ್ತೆರಡು."

ಅವನು ಹೊಸ ಜೋಡಣೆಯ ಚಿತ್ರವನ್ನು ಪ್ರಿಂಟ್ ತೆಗೆದು, ನಾಲ್ಕು ಮಡಿಕೆ ಮಾಡಿ ಕೊಟ್ಟ.

ಮಂಗಳವಾರದಿಂದ ಗಂಡ ಪಕ್ಕದಲ್ಲಿ ಕುಳಿತು ಹಸ್ತಪ್ರತಿ ಓದಿ ಹೇಳತೊಡಗಿದ. ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡಿದ್ದ. ಪ್ರೆಸ್ಸಿನಲ್ಲಿ ಓದಿ ಹೇಳುವವರೇ ಆಕೆಯ ವೇಗಕ್ಕೆ ಏದುಸಿರು ಬಿಡುತ್ತಿದ್ದರು. ಈಗ ಆತ ಎರಡು ಪದ ಓದಿ ಕಾಯಬೇಕಿತ್ತು. ಆಕೆ ಕಿಟಕಿಗೆ ಅಂಟಿಸಿದ ಚಿತ್ರ ನೋಡಿ, ಕೀಬೋರ್ಡ್ ನೋಡಿ, ಒಂದು ಬೆರಳಿನಿಂದ ಒತ್ತುತ್ತಿದ್ದಳು. ಮಧ್ಯೆ ಮಧ್ಯೆ ಉಳಿದ ಬೆರಳುಗಳು ತಾವಾಗಿ ಹಳೆಯ ಜಾಗಕ್ಕೆ ಹೋಗುತ್ತಿದ್ದವು. ಅಳಿಸಿ ಮತ್ತೆ ಒತ್ತಬೇಕಾಗುತ್ತಿತ್ತು. ಓದುವಾಗ ಒಮ್ಮೆ ಗಂಡನಿಗೆ ತೂಕಡಿಕೆ ಬಂತು. ಆಕೆ ಎಬ್ಬಿಸಲಿಲ್ಲ. ಆತ ತಾನಾಗಿ ಎಚ್ಚರಗೊಂಡಾಗಲೂ ಅದೇ ಸಾಲು ನಡೆದಿತ್ತು.

ಹೆಡ್‌ಮಾಸ್ತರರು ಮುಂದಿನ ಮಂಗಳವಾರ ಬರುವುದಾಗಿ ಹೇಳಿದ್ದವರು ಶುಕ್ರವಾರವೇ ಬಂದರು. ಇತ್ತ ಬರುವ ಕೆಲಸವಿತ್ತು ಎಂದರು. ಆಕೆ ಕುರ್ಚಿ ಹಾಕಿ, ಆದಷ್ಟನ್ನು ಪರದೆಯ ಮೇಲೆ ತೋರಿಸಿದಳು. ಒಂಬತ್ತು ಪುಟವಾಗಿತ್ತು. ಅವರು ಕನ್ನಡಕ ಏರಿಸಿ ಓದಿದರು. ತಪ್ಪು ಹುಡುಕಿದರು, ಸಿಗಲಿಲ್ಲ.

"ಮೊದಲೆಲ್ಲ ಇಷ್ಟು ಹೊತ್ತಿಗೆ ಅರ್ಧ ಪುಸ್ತಕ ಮುಗಿಸ್ತಿದ್ದೆಯಲ್ಲಮ್ಮ."

"ಮಿಷನ್ ಹೊಸದು ಸಾರ್" ಎಂದ ಗಂಡ.

"ಮಿಷನ್ ಅಲ್ಲ" ಎಂದಳು ಆಕೆ. "ನನ್ನ ಕೈ ಹೊಸದಕ್ಕೆ ಹೊಂದ್ಕೊಂಡಿಲ್ಲ. ತಿಂಗಳ ಕೊನೆಗೆ ಆಗಲ್ಲ ಸಾರ್."

ಮೇಷ್ಟ್ರು ಪುಸ್ತಕದ ಬಿಡುಗಡೆಗೆ ಹಾಲ್ ಗೊತ್ತು ಮಾಡಿ ಆಗಿದೆ ಎಂದರು. ಹಾಳೆಗಳನ್ನು ತಟ್ಟಿ ಒಂದು ಮಾಡಿ, ದಾರ ಕಟ್ಟಿ, ಚೀಲಕ್ಕೆ ಹಾಕಿಕೊಂಡರು. ಆದ ಪುಟಗಳ ಹಣವನ್ನು ಮೇಜಿನ ಮೇಲಿಟ್ಟರು. ಚಹಾ ಬೇಡವೆಂದರು.

ಅವರು ಮೆಟ್ಟಿಲಿಳಿದು ಹೋದ ಮೇಲೆ ಗಂಡ ದಿಂಬು ಸರಿಮಾಡಿಕೊಂಡು ಅಂದಿನ ದಿನಪತ್ರಿಕೆ ತೆಗೆದ. ಮೊದಲ ಪುಟದ ಮೊದಲ ಸುದ್ದಿಯಿಂದ ಎರಡೆರಡೇ ಪದ ಓದಿ ಹೇಳತೊಡಗಿದ. ಆಕೆ ಟೈಪ್ ಮಾಡತೊಡಗಿದಳು.