ಒರೆಸಿದ ಮೇಲೆ ಕತ್ತರಿಸೋಣ

ಬೀದಿಯವರೆಲ್ಲ ಸೇರಿ ಹಿಟ್ಟಿನ ಗಿರಣಿಯ ಕಟ್ಟಡದ ಮಹಡಿಯ ಮೇಲೆ ಸೋಲಾರ್ ಫಲಕ ಹಾಕಿಸಿದ ದಿನದಿಂದ ಜನರೇಟರ್ ಮಾವನ ಮೋರೆ ಹರಳೆಣ್ಣೆ ಕುಡಿದ ಹಾಗಿತ್ತು. ಇಪ್ಪತ್ತು ವರ್ಷ, ಕರೆಂಟು ಹೋದಾಗಲೆಲ್ಲ ಇಡೀ ಬೀದಿ ಅವನ ಬಾಗಿಲಿಗೆ ಓಡಿ ಬಂದಿತ್ತು. ದರ್ಜಿ, ಕ್ಷೌರದವನು, ಹಿಟ್ಟಿನ ಗಿರಣಿಯವಳು, ಎಲ್ಲರೂ 'ಮಾವಾ, ಮಾವಾ' ಅನ್ನುವವರೇ. ಈಗ ಅವನ ಡೀಸೆಲ್ ಜನರೇಟರ್ ಗೋಣಿಚೀಲ ಹೊದ್ದು ಮಲಗಿತ್ತು. ಹೊಟ್ಟೆಪಾಡಿಗೆ ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ.

ಇದರ ಮೇಲೆ ಇನ್ನೊಂದು ಅವಮಾನ. ವರ್ಷಗಟ್ಟಲೆ ಕಾಡಿದ್ದ ಕೆಮ್ಮು, ಹೊಗೆ ನಿಂತ ಎರಡೇ ತಿಂಗಳಿಗೆ ಹೇಳದೆ ಕೇಳದೆ ಹೊರಟುಹೋಗಿತ್ತು. ಅದರ ಕೀರ್ತಿಯನ್ನು ಸೋಲಾರಿಗೆ ಕೊಡಲು ಮಾವ ಸುತರಾಂ ತಯಾರಿರಲಿಲ್ಲ. ಯಾರಾದರೂ ಎದುರಾದರೆ ಬೇಕೆಂದೇ ಕೆಮ್ಮುತ್ತಿದ್ದ.

"ಊಟಕ್ಕೆ ಕೂತಾಗ ಒಂದ್ಸಲಾನೂ ಇಲ್ಲ, ಬೀದಿಗಿಳಿದ್ರೆ ಶುರು," ಎಂದು ಹೆಂಡತಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಮಾವ ಇಕ್ಕಳವನ್ನು ಜೇಬಿಗಿಳಿಸಿ, ಎಲ್ಲೂ ನಿಲ್ಲದೆ ಮೂರು ಮಹಡಿ ಹತ್ತಿದ. ಎರಡು ತಂತಿ ಕತ್ತರಿಸಿದರೆ ಸಾಕು, ಬೀದಿ ಮತ್ತೆ ತನ್ನ ಬಾಗಿಲಿಗೇ ಬರುತ್ತದೆ ಎಂದುಕೊಂಡಿದ್ದ.

ಮೇಲೆ ಹೋಗಿ ನೋಡಿದರೆ ಫಲಕಗಳ ತುಂಬ ಧೂಳು, ಪಾರಿವಾಳದ ಹಿಕ್ಕೆ. ಮಾವನ ಮೈಯೆಲ್ಲ ಉರಿದುಹೋಯಿತು.

"ಯಂತ್ರಾನ ಹೀಗಾ ಇಟ್ಕೊಳ್ಳೋದು, ದರಿದ್ರದವರು!"

ಒರೆಸದೆ ಯಾವ ಯಂತ್ರವನ್ನೂ ಬಿಚ್ಚಿದ ಕೈಯಲ್ಲ ಅದು. ನೀರಿನ ಟ್ಯಾಂಕಿನ ನಲ್ಲಿಯಲ್ಲಿ ಹೆಗಲ ಟವೆಲ್ ಒದ್ದೆ ಮಾಡಿ ಒಂದು ಫಲಕ ಒರೆಸಿದ. ಆಗ ಪಕ್ಕದ್ದು ಇನ್ನೂ ಅಸಹ್ಯವಾಗಿ ಕಂಡಿತು. ಅದನ್ನೂ ಒರೆಸಿದ. ಹನ್ನೆರಡನೆಯದು ಮುಗಿಯುವಷ್ಟರಲ್ಲಿ, ಬೆಳಗಿನಿಂದ ಮುಲುಗುತ್ತಿದ್ದ ಗಿರಣಿ ಕೆಳಗೆ ಗರ್ರನೆ ತಿರುಗತೊಡಗಿತು.

ಏನಾಯಿತೆಂದು ನೋಡಲು ಗಿರಣಿಯವಳು ಏದುಸಿರು ಬಿಡುತ್ತ ಮೇಲೆ ಬಂದಳು. ಸೋಲಾರ್ ಉಸ್ತುವಾರಿ ಅವಳದೇ. ಮಾವನ ಒಂದು ಕೈಯಲ್ಲಿ ಒದ್ದೆ ಟವೆಲ್, ಇನ್ನೊಂದರಲ್ಲಿ, ಬಗ್ಗಿದಾಗ ಚುಚ್ಚಿತೆಂದು ಆಗಷ್ಟೇ ಜೇಬಿನಿಂದ ತೆಗೆದ ಇಕ್ಕಳ.

"ಮಾವಾ, ತಂತಿ ಕತ್ತರಿಸೋಕೆ ಬಂದ್ರಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಹೂಂ ಕಣಮ್ಮಾ. ಒರೆಸಿದ ಮೇಲೆ ಕತ್ತರಿಸೋಣ ಅಂತಿದ್ದೆ."

ಅವಳು ಬಿದ್ದು ಬಿದ್ದು ನಕ್ಕಳು. "ಆರು ತಿಂಗಳಿಂದ ಇದನ್ನ ನೋಡ್ಕೊಳ್ಳೋರು ಒಬ್ಬರೂ ಸಿಕ್ಕಿಲ್ಲ. ನಾಳೆಯಿಂದ ನೀವೇ ಬನ್ನಿ. ಪುಕ್ಕಟೆ ಅಲ್ಲ, ಸಂಬಳ ಕೊಡ್ತೀವಿ."

ಮಾವನಿಗೆ ನಾಚಿಕೆಯೂ ಆಯಿತು, ಹೋದ ಜೀವ ಬಂದಂತೆಯೂ ಆಯಿತು. ಇಕ್ಕಳವನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

"ನಾಳೆ ಯಾಕೆ? ಇನ್ನೂ ನಾಲ್ಕು ಬಾಕಿ ಇದೆ," ಎಂದು ಗದರಿದ. "ನೀನು ಮೊದ್ಲು ಆ ಕಡೆ ಸರಿಯಮ್ಮಾ, ನಿನ್ನ ನೆರಳು ಬೀಳ್ತಿದೆ!"